ನಮ್ಮ ಸೀಮೆಯ ಕರಡಿಗಳು: ದಾಖಲೆಗೆ ಸೇರದ ಒಂದು ಚರಿತ್ರೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, "ಮೇಷ್ಟ್ರೇ, ಚಾಮರಾಜೇಶ್ವರ ದೇವಸ್ಥಾನದ ಚರಿತ್ರೆ ಬರೆದಿರಿ, ಒಡೆಯರ ಚರಿತ್ರೆ ಬರೆದಿರಿ. ನಮ್ಮ ಉತ್ತರಪತ್ರಿಕೆಗಳನ್ನು ಕರಡಿ ತಿದ್ದಿದ ಚರಿತ್ರೆಯನ್ನು ಯಾವಾಗ ಬರೆಯುತ್ತೀರಿ?" ಎಂದು ಕೇಳಿದ. ಇಬ್ಬರೂ ನಕ್ಕೆವು. ಆ ಕಥೆಯನ್ನು ನಾನು ಸೇವೆಯಲ್ಲಿದ್ದಷ್ಟು ಕಾಲವೂ ಪ್ರತಿ ವರ್ಷ ಯಾವುದಾದರೊಂದು ತರಗತಿಯಲ್ಲಿ ಹೇಳುತ್ತಲೇ ಬಂದಿದ್ದೆ. ಮಳೆ ಜೋರಾಗಿ ಹೆಂಚಿನ ಸದ್ದಿನಲ್ಲಿ ಪಾಠ ಕೇಳಿಸದಾದಾಗ ಮಕ್ಕಳೇ "ಕರಡಿ ಕಥೆ ಸಾರ್" ಎಂದು ಕೂಗುತ್ತಿದ್ದರು. ಅದನ್ನು ಬರೆಯುತ್ತೇನೆ. ಆದರೆ ಅದರ ಜೊತೆಗೆ ತರಗತಿಯಲ್ಲಿ ಎಂದೂ ಹೇಳದ ಇನ್ನೊಂದು ಕರಡಿಯ ಕಥೆಯೂ ಇದೆ. ಅದನ್ನು ಬರೆಯದೆ ಮೊದಲನೆಯದನ್ನು ಮಾತ್ರ ಬರೆದರೆ ಚರಿತ್ರೆಯ ಮೇಷ್ಟ್ರಾಗಿದ್ದವನಿಗೆ ಅದು ತಕ್ಕುದಲ್ಲ.

ನನಗೆ ಮೊದಲ ನೇಮಕವಾದದ್ದು 1974ರಲ್ಲಿ, ಬಿಳಿಗಿರಿರಂಗನ ಬೆಟ್ಟಸಾಲಿನ ಪಶ್ಚಿಮ ತಪ್ಪಲಿನ ಒಂದು ಊರಿಗೆ. ಆಗ ಚಾಮರಾಜನಗರ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಅದು ಜಿಲ್ಲೆಯಾದದ್ದು 1997ರಲ್ಲಿ. ಊರಿಗೆ ಬಸ್ಸಿರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಸೈಕಲ್ಲಿನಲ್ಲಿ ಪೇಟೆಗೆ ಹೋಗಿ, ಸೋಮವಾರ ಬೆಳಗಿನ ಜಾವ ಮರಳುವುದು ನನ್ನ ಪದ್ಧತಿ. 1976ರ ಡಿಸೆಂಬರಿನ ಅಂಥದೊಂದು ಮುಂಜಾನೆ, ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನೂ ಎರಡು ಅಚ್ಚು ಬೆಲ್ಲವನ್ನೂ ಒಂದು ಚಿಪ್ಪು ಬಾಳೆಹಣ್ಣನ್ನೂ ಒಂದೇ ಕೈಚೀಲದಲ್ಲಿ ತುಂಬಿ ಹ್ಯಾಂಡಲಿಗೆ ತೂಗುಹಾಕಿಕೊಂಡು ಬರುತ್ತಿದ್ದೆ. ಮಂಜು ಇನ್ನೂ ಹರಿದಿರಲಿಲ್ಲ. ಹಳ್ಳದ ತಿರುವಿನಲ್ಲಿ ಕುಲುಮೆಯ ತಿದಿ ಒತ್ತಿದಂತೆ ಬುಸ್ ಬುಸ್ ಎಂಬ ಸದ್ದು ಕೇಳಿಸಿತು. ಈ ಕಾಡಿನಲ್ಲಿ ಯಾವ ಕಮ್ಮಾರನಪ್ಪಾ ಎಂದುಕೊಳ್ಳುವಷ್ಟರಲ್ಲಿ ದಾರಿಯಂಚಿನ ಹುತ್ತದ ಬಳಿ ಯಾರೋ ಬಿಸಾಡಿದ ಕರಿಕಂಬಳಿಯಂತೆ ಬಿದ್ದಿದ್ದುದು ಎದ್ದು ಎರಡು ಕಾಲಿನ ಮೇಲೆ ನಿಂತಿತು. ಎದೆಯ ಮೇಲೆ ಬಿಳಿಯ ಗುರುತು. ಅಷ್ಟನ್ನು ಮಾತ್ರ ನಾನು ಕಂಡದ್ದು. ಸೈಕಲ್ಲನ್ನು ಅಲ್ಲೇ ಕೆಡವಿ ಬಂದ ದಾರಿಯಲ್ಲೇ ಓಡಿದೆ. ಸೈಕಲ್ಲು ಬಿದ್ದ ರಭಸಕ್ಕೆ ಅದರ ಗಂಟೆ ಬಾರಿಸಿದ್ದು ನೆನಪಿದೆ.

ಅರ್ಧ ಗಂಟೆಯ ಮೇಲೆ ಸೌದೆಗೆ ಬಂದಿದ್ದ ನಾಲ್ವರನ್ನು ಜೊತೆಮಾಡಿಕೊಂಡು ಹೋದಾಗ ಕರಡಿ ಇರಲಿಲ್ಲ. ಬೆಲ್ಲವೂ ಇರಲಿಲ್ಲ, ಬಾಳೆಹಣ್ಣೂ ಇರಲಿಲ್ಲ. ಏಳನೆಯ ತರಗತಿಯ ಸಮಾಜ ವಿಜ್ಞಾನದ ಉತ್ತರಪತ್ರಿಕೆಗಳು ದಾರಿಯುದ್ದಕ್ಕೂ ಹರಡಿದ್ದವು. ಕೆಲವಕ್ಕೆ ಜೊಲ್ಲು ಮೆತ್ತಿತ್ತು, ಕೆಲವನ್ನು ಉಗುರು ಮೇಲಿನಿಂದ ಕೆಳಗೆ ಸೀಳಿತ್ತು. ಕರಡಿ ಗೀರುಹಾಕಿದ ಪತ್ರಿಕೆಗಳಿಗೆಲ್ಲ ಮೇಷ್ಟ್ರು ಧಾರಾಳವಾಗಿ ಅಂಕ ಕೊಟ್ಟರೆಂದು ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ. ಅದು ನಿಜ. ಓದಲಾಗದ ಉತ್ತರವನ್ನು ತಪ್ಪೆಂದು ಹೇಗೆ ಹೇಳುವುದು?

ಇಷ್ಟು ನೀವು ಬಲ್ಲ ಕಥೆ. ಇನ್ನು ಚರಿತ್ರೆಗೆ ಬರುತ್ತೇನೆ.

ಕರಡಿಯನ್ನು ಮನುಷ್ಯನು ಕರಡಿಯಾಗಿ ಕಂಡದ್ದೇ ಕಡಮೆಯೆಂದು ನನಗೆ ಅನೇಕ ಸಲ ಅನ್ನಿಸಿದೆ. ಪ್ರವಾಹದಲ್ಲಿ ತೇಲಿಬಂದುದನ್ನು ಕಂಬಳಿಯೆಂದು ಹಿಡಿಯಹೋದವನ ಕಥೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ದಡದವರು ಕಂಬಳಿಯನ್ನು ಬಿಟ್ಟುಬಿಡೆಂದು ಕೂಗಿದರೆ, ನಾನು ಬಿಟ್ಟರೂ ಅದು ನನ್ನನ್ನು ಬಿಡುತ್ತಿಲ್ಲವೆಂದು ಅವನು ಅರಚಿದನಂತೆ. 'ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ' ಎಂಬ ಗಾದೆಯಲ್ಲಿಯೂ ಕರಡಿ ಎಂದರೆ ಪ್ರಾಣಿಯಲ್ಲ, ಕರಡೆಯೆಂಬ ಚರ್ಮವಾದ್ಯ. ಪೂಜೆಯಲ್ಲಿ ಅದನ್ನು ನುಡಿಸದೆ ಬಿಟ್ಟರು ಎಂಬುದೇ ಅದರ ಅರ್ಥ ಎನ್ನುವ ವಿವರಣೆಯುಂಟು. ಪಂಡಿತರೂ ಎಡವಿದ್ದಾರೆ. 1791ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ ಇಂಗ್ಲೆಂಡಿನ ಜಾರ್ಜ್ ಶಾ, ಉದ್ದನೆಯ ಬಾಗಿದ ಉಗುರುಗಳನ್ನು ನೋಡಿ, ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ಜೋತುಬೀಳುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಬಳಗಕ್ಕೆ ಇದನ್ನು ಸೇರಿಸಿಬಿಟ್ಟ. ಆ ತಪ್ಪು ಬಹುಬೇಗ ತಿಳಿದರೂ ಇಂಗ್ಲಿಷಿನಲ್ಲಿ ಇಂದಿಗೂ ಅದರ ಹೆಸರು ಸ್ಲಾತ್ ಬೇರ್ ಎಂದೇ ಉಳಿದಿದೆ.

ನಿಜವಾಗಿ ಅದು ಸೋಮಾರಿಯಲ್ಲ. ಗೆದ್ದಲು ತಿನ್ನುವುದಕ್ಕಾಗಿಯೇ ಮಾಡಿದಂಥ ದೇಹ ಅದರದು. ಕಲ್ಲಿನಂತೆ ಗಟ್ಟಿಯಾದ ಹುತ್ತವನ್ನು ಉಗುರಿನಿಂದ ಒಡೆಯುತ್ತದೆ. ಮಣ್ಣನ್ನು ಊದಿ ಸರಿಸುತ್ತದೆ. ಆಮೇಲೆ ಗೆದ್ದಲನ್ನು ಉಸಿರಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲದಿರುವುದು ಈ ಕೆಲಸಕ್ಕೆ ಅನುಕೂಲ. ನಾನು ಕೇಳಿದ ಕುಲುಮೆಯ ಸದ್ದು ಇದೇ. ನೂರು ಮೀಟರಿಗಿಂತ ದೂರಕ್ಕೂ ಅದು ಕೇಳಿಸುವುದುಂಟು. ಕಕ್ಕೆಯ ಕಾಯಿ, ನೇರಳೆ, ಎಲಚಿ, ಈಚಲ ಹಣ್ಣು, ಜೇನು ಇವೆಲ್ಲ ಅದಕ್ಕೆ ಪ್ರಿಯ. ಸಾಮಾನ್ಯವಾಗಿ ಎರಡು ಮರಿ ಹಾಕುತ್ತದೆ. ತಿಂಗಳುಗಟ್ಟಲೆ ಅವನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಮೂಗು ಚುರುಕು, ಕಣ್ಣು ಮಂದ. ಬುಸುಗುಟ್ಟುತ್ತ ತಿನ್ನುವುದರಲ್ಲಿ ಮೈಮರೆತಾಗ ಮನುಷ್ಯ ತೀರ ಹತ್ತಿರ ಬರುವವರೆಗೂ ಅದಕ್ಕೆ ತಿಳಿಯುವುದೇ ಇಲ್ಲ. ತಿಳಿದಾಗ ಓಡುವುದಕ್ಕೆ ಬದಲಾಗಿ ಮೇಲೆ ಬೀಳುತ್ತದೆ. ಬಿದ್ದರೆ ತಲೆಗೆ, ಮುಖಕ್ಕೆ. ಹುಲಿ ಓಡಾಡುವ ಕಾಡಿನಲ್ಲಿ ಹುತ್ತದಲ್ಲಿ ಮುಖ ಹುದುಗಿಸಿ, ಬೆನ್ನ ಮೇಲೆ ಮರಿ ಹೊತ್ತು ಬದುಕಬೇಕಾದ ಪ್ರಾಣಿಗೆ, ಎದುರಿಗೆ ಬಂದವರ ಮೇಲೆ ಮೊದಲು ಎರಗುವುದೇ ರಕ್ಷಣೆ ಎಂದು ತಿಳಿದವರು ಹೇಳುತ್ತಾರೆ.

ನಮ್ಮ ಸೀಮೆಯ ಕರಡಿಯ ಬಗ್ಗೆ ಲಿಖಿತ ಚರಿತ್ರೆಯನ್ನು ಹುಡುಕಿದರೆ ಸಿಗುವುದು ಬಹುಮಟ್ಟಿಗೆ ಬಂದೂಕು ಹಿಡಿದವರ ಬರವಣಿಗೆ. ಮೊದಲಿಗೆ ಹೇಳಬೇಕಾದವನು ಜಿ. ಪಿ. ಸ್ಯಾಂಡರ್ಸನ್. ಮೈಸೂರು ಸರ್ಕಾರದ ಕಾಲುವೆಗಳ ಮೇಲ್ವಿಚಾರಣೆಗೆಂದು ಬಂದ ಈ ಅಧಿಕಾರಿ ಚಾಮರಾಜನಗರದ ಬಳಿ ಮನೆ ಮಾಡಿಕೊಂಡಿದ್ದ. 1874ರಲ್ಲಿ ಇಲ್ಲಿಯೇ ಖೆಡ್ಡಾ ನಡೆಸಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿಸಿ ಹೆಸರಾದ. 1878ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ನಮ್ಮ ಬೆಟ್ಟಗಳ ಕರಡಿಗಳೂ ಇವೆ. ಅವುಗಳ ಮೇಲೆ ಸಾಕುನಾಯಿಗಳನ್ನು ಬಿಟ್ಟು ಬೇಟೆಯಾಡಿದ ಪ್ರಸಂಗಗಳೂ ಇವೆ. ಅವನು ಒಳ್ಳೆಯ ವೀಕ್ಷಕ, ಸಂಶಯವಿಲ್ಲ. ಹೆಜ್ಜೆ ಹುಡುಕಿಕೊಟ್ಟ ಇಲ್ಲಿನ ಜನರನ್ನೂ ಸೋಲಿಗರನ್ನೂ ಮೆಚ್ಚಿ ಬರೆದಿದ್ದಾನೆ. ಆದರೂ ಆ ಪುಟಗಳಲ್ಲಿ ಕರಡಿಯನ್ನು ಕಾಣುವುದು ಅದನ್ನು ಹುಡುಕಿಕೊಂಡು ಹೋದವನು. ದಾರಿಯಲ್ಲಿ ಆಕಸ್ಮಿಕವಾಗಿ ಎದುರಾದವನಲ್ಲ. ಬ್ರಿಟಿಷ್ ಆಡಳಿತದ ವಾರ್ಷಿಕ ಪಟ್ಟಿಗಳಲ್ಲಿ ಹುಲಿ, ಚಿರತೆ, ತೋಳಗಳ ಸಾಲಿನಲ್ಲಿ ಕರಡಿಗೂ ಒಂದು ಕಲಂ ಇರುತ್ತಿತ್ತು: ಕೊಂದ ಮನುಷ್ಯರೆಷ್ಟು, ಕೊಲ್ಲಲ್ಪಟ್ಟ ಪ್ರಾಣಿಗಳೆಷ್ಟು, ಕೊಟ್ಟ ಬಹುಮಾನವೆಷ್ಟು. ಕಣ್ಣು ಹೋಗಿಯೂ ಬದುಕಿ ಉಳಿದವನಿಗೆ ಆ ಲೆಕ್ಕದಲ್ಲಿ ಸ್ಥಳವಿರಲಿಲ್ಲ.

ಆಮೇಲೆ ಬಂದವನು ಕೆನೆತ್ ಆಂಡರ್ಸನ್. ಅರಸೀಕೆರೆಯ ಕಡೆ ಜನರನ್ನು ಕೊಲ್ಲುತ್ತಿದ್ದ ಕರಡಿಯೊಂದರ ಬೇಟೆಯ ಕಥೆ 1957ರ ಅವನ ಪುಸ್ತಕದಲ್ಲಿದೆ. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನನ ಅನುಭವಗಳನ್ನು 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದಾಗ ಅವನ್ನು ನಾನು ಎಷ್ಟು ಮಕ್ಕಳಿಗೆ ಓದಿ ಹೇಳಿದ್ದೇನೆಯೋ ಲೆಕ್ಕವಿಲ್ಲ. ರೋಚಕವಾಗಿವೆ, ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿಯೂ ಗುಂಡು ಹಾರಿದೊಡನೆ ಕಥೆ ಮುಗಿಯುತ್ತದೆ.

ಬಂದೂಕಿಲ್ಲದ ಪೇಟೆಯವರು ಕರಡಿಯನ್ನು ಕಂಡದ್ದು ಹಗ್ಗದ ತುದಿಯಲ್ಲಿ. ನನ್ನ ಬಾಲ್ಯ ಗುಂಡ್ಲುಪೇಟೆಯಲ್ಲಿ ಕಳೆಯಿತು. 1950ರ ದಶಕದಲ್ಲಿ ಕರಡಿ ಆಡಿಸುವವರು ವರ್ಷಕ್ಕೊಮ್ಮೆಯಾದರೂ ಬರುತ್ತಿದ್ದರು. ಡಮರುಗದ ಸದ್ದು ಕೇಳಿದೊಡನೆ ಬೀದಿಯ ಮಕ್ಕಳೆಲ್ಲ ಅತ್ತ ಓಡುತ್ತಿದ್ದೆವು. ಕನಸಿನಲ್ಲಿ ಬೆಚ್ಚಿಬೀಳುವ ಮಕ್ಕಳನ್ನು ಕರಡಿಯ ಮೇಲೆ ಕೂರಿಸಿದರೆ ಭಯ ಬಿಡುವುದೆಂಬ ನಂಬಿಕೆ. ನಮ್ಮ ತಂದೆಯವರು ಎರಡಾಣೆ ಕೊಟ್ಟು ನನ್ನನ್ನೂ ಕೂರಿಸಿದರು. ಅದರ ಕೂದಲನ್ನು ತಾಯಿತದಲ್ಲಿ ಕಟ್ಟಿಸಿ ಕೊರಳಿಗೆ ಹಾಕಿದರು. ಒರಟು ಕೂದಲಿನ ಆ ಬೆನ್ನು ಸಣ್ಣಗೆ ನಡುಗುತ್ತಿತ್ತು. ನನ್ನ ಭಯವನ್ನು ಅದು ತೆಗೆದುಕೊಂಡಿತೆಂದು ಅಂದು ನಂಬಿದ್ದೆ. ಮರಿಯನ್ನು ತಾಯಿಯಿಂದ ಕಿತ್ತು ತಂದು, ಕಾದ ಕಬ್ಬಿಣದಿಂದ ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸುತ್ತಾರೆ, ಹಲ್ಲು ಮುರಿಯುತ್ತಾರೆ ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಈ ಆಟ ನಿಲ್ಲಲು ಮೂರೂವರೆ ದಶಕ ಬೇಕಾಯಿತು. ಕರಡಿ ಆಡಿಸುತ್ತಿದ್ದ ಕಲಂದರ ಕುಟುಂಬಗಳಿಗೆ ಬೇರೆ ಜೀವನೋಪಾಯ ಕಲ್ಪಿಸುತ್ತ ಒಂದೊಂದೇ ಕರಡಿಯನ್ನು ಬಿಡಿಸಿಕೊಳ್ಳಲಾಯಿತು. ದೇಶದ ಕೊನೆಯ ಕುಣಿಯುವ ಕರಡಿಯೆಂದು ಗುರುತಿಸಲಾದ 'ರಾಜು' 2009ರ ಡಿಸೆಂಬರಿನಲ್ಲಿ ನಮ್ಮ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರವನ್ನು ಸೇರಿತು.

ಹೀಗೆ ಬೇಟೆಗಾರನ ಕರಡಿ, ಆಟದವನ ಕರಡಿ, ನನ್ನ ಬೆಲ್ಲ ತಿಂದ ಕರಡಿ ಇವೆಲ್ಲ ಕಥೆಯಾಗಿ ಉಳಿದವು. ಕರಡಿಯ ಜೊತೆಗೆ ಅದೇ ಕಾಡಿನಲ್ಲಿ, ಅದೇ ಮರದ ಕೆಳಗೆ, ಅದೇ ಜೇನಿಗಾಗಿ ದುಡಿದವರ ಕಥೆ ಉಳಿಯಲಿಲ್ಲ. ಅಂಥದೊಂದನ್ನು ಉಳಿಯದಂತೆ ಮಾಡಿದವರಲ್ಲಿ ನಾನೂ ಒಬ್ಬ.

ನಮ್ಮ ಶಾಲೆಗೆ ಹತ್ತಿರದ ಪೋಡಿನಿಂದ, ಎಂದರೆ ಸೋಲಿಗರ ಹಾಡಿಯಿಂದ, ಏಳೆಂಟು ಮಕ್ಕಳು ನಡೆದು ಬರುತ್ತಿದ್ದರು. ಅವರಲ್ಲೊಬ್ಬ ಹುಡುಗ ನಾಲ್ಕನೆಯ ತರಗತಿಯಲ್ಲಿ ಬಹಳ ಚೂಟಿ. ನಕ್ಷೆ ಬರೆಯುವುದರಲ್ಲಿ ಅವನಿಗೆ ಸಮಾನರಿರಲಿಲ್ಲ; ಊರಿನ ನಕ್ಷೆ ಬರೆಯೆಂದರೆ ಹಳ್ಳ, ಬಂಡೆ, ಜೇನುಮರ ಎಲ್ಲವನ್ನೂ ಗುರುತಿಸಿ ತರುತ್ತಿದ್ದ. 1978ರ ಜೂನಿನಲ್ಲಿ ಶಾಲೆ ತೆರೆದಾಗ ಅವನು ಬರಲಿಲ್ಲ. ಜುಲೈಯಲ್ಲಿಯೂ ಬರಲಿಲ್ಲ. ಅವನ ಜೊತೆಯ ಮಕ್ಕಳನ್ನು ಕೇಳಿದೆ. "ಅವ ಬರಲ್ಲ ಸಾ" ಎಂದರು. ಏಕೆ ಎಂದು ನಾನು ಕೇಳಲಿಲ್ಲ. ಕಾಡಿನ ಮಕ್ಕಳು, ಹೀಗೆಯೇ ಬಿಟ್ಟುಹೋಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮೇಲಧಿಕಾರಿಗಳ ಪರಿವೀಕ್ಷಣೆ ಹತ್ತಿರ ಬಂದಿತ್ತು. ಹಾಜರಾತಿಯ ಸರಾಸರಿ ತಗ್ಗಿರುವುದು ಕಾಣಬಾರದಾಗಿತ್ತು. ಆಗಸ್ಟ್ ತಿಂಗಳಲ್ಲಿ ಕೆಂಪು ಶಾಯಿಯಿಂದ ಅವನ ಹೆಸರಿಗೆ ಗೆರೆ ಎಳೆದೆ. ದಾಖಲಾತಿ ಪುಸ್ತಕದ 'ಶಾಲೆ ಬಿಟ್ಟ ಕಾರಣ' ಎಂಬ ಕಲಮಿನಲ್ಲಿ 'ದೀರ್ಘ ಗೈರುಹಾಜರಿ' ಎಂದು ಬರೆದೆ. ನನ್ನ ಅಕ್ಷರ ಅಂದು ಮುತ್ತಿನಂತಿತ್ತು.

1980ರಲ್ಲಿ ಜನಗಣತಿಯ ಮನೆಪಟ್ಟಿಯ ಕೆಲಸಕ್ಕೆ ನನ್ನನ್ನು ಹಾಕಿದರು. ಆ ಪೋಡಿಗೆ ನಾನು ಮೊದಲ ಬಾರಿ ಹೋದದ್ದು ಆಗಲೇ. ಶಾಲೆಯಿಂದ ಒಂದೂವರೆ ಗಂಟೆಯ ನಡಿಗೆ. ಒಂದು ಗುಡಿಸಲಿನ ಮುಂದೆ ಕುಳಿತಿದ್ದವನು ನನ್ನನ್ನು ಕಂಡು ಎದ್ದುನಿಂತ. ಅವನ ಮುಖದ ಎಡಭಾಗವಿರಲಿಲ್ಲ. ಕಣ್ಣಿದ್ದ ಕಡೆ ಚರ್ಮ ಸುಕ್ಕುಗಟ್ಟಿ ಕೂಡಿಕೊಂಡಿತ್ತು. ಬಾಯಿ ಒಂದು ಕಡೆಗೆ ಎಳೆದುಹೋಗಿತ್ತು. ಬಲಗೈಯ ಬೆರಳುಗಳು ಮಡಿಸುತ್ತಿರಲಿಲ್ಲ. ಹಿಂದಿನಿಂದ ಆ ಹುಡುಗ ನೀರಿನ ಬಿಂದಿಗೆ ಹೊತ್ತು ಬಂದ. ನನ್ನನ್ನು ಕಂಡೊಡನೆ ಬಿಂದಿಗೆ ಇಳಿಸಿ, ಶಾಲೆಯಲ್ಲಿ ನಿಲ್ಲುತ್ತಿದ್ದಂತೆಯೇ ಕೈಕಟ್ಟಿ ನಿಂತ.

1978ರ ಮೇ ತಿಂಗಳಲ್ಲಿ ಹೆಜ್ಜೇನು ಇಳಿಸಲು ಹೋಗಿದ್ದ ತಂದೆ ಬೆಳಗಿನ ಜಾವ ಮರಳುವಾಗ ತಗ್ಗಿನಲ್ಲಿ ಮರಿಗಳೊಂದಿಗಿದ್ದ ಕರಡಿಯ ಮೇಲೆಯೇ ಕಾಲಿಟ್ಟಂತೆ ಹೋಗಿಬಿಟ್ಟಿದ್ದ. ಜೊತೆಯವರು ಕಿರುಚಿ, ಪಂಜು ಬೀಸಿ ಬಿಡಿಸಿದರು. ಕಂಬಳಿಯನ್ನು ಬಿದಿರಿಗೆ ಕಟ್ಟಿ ಡೋಲಿಯಂತೆ ಮಾಡಿ ರಸ್ತೆಯವರೆಗೆ ಹೊತ್ತು ತಂದು, ಬಂದ ಲಾರಿಯಲ್ಲಿ ಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಎರಡು ತಿಂಗಳು ಆಸ್ಪತ್ರೆಯಲ್ಲಿ ತಂದೆಯ ಜೊತೆಗಿದ್ದವನು ಈ ಹುಡುಗ. ಆಸ್ಪತ್ರೆಯಿಂದ ನಮ್ಮ ಮನೆಗೆ ಕಾಲುಗಂಟೆಯ ದಾರಿಯೂ ಇರಲಿಲ್ಲ. ನಾನು ಪ್ರತಿ ಶನಿವಾರ ಅದರ ಮುಂದೆಯೇ ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದೆ.

"ಕರಡಿ ಮೇಲೆ ನಿನಗೆ ಸಿಟ್ಟು ಬರಲಿಲ್ಲವೇನಪ್ಪ?" ಎಂದು ಅವನನ್ನು ಕೇಳಿದೆ. ಬೇರೇನು ಕೇಳಬೇಕೆಂದು ನನಗೆ ತೋಚಲಿಲ್ಲ.

"ಅದ್ರ ದಾರಿಗ ನಾ ಹೋದಿ ಕನ ಬುದ್ದಿ, ಅದು ನನ್ ದಾರಿಗ ಬರ್ನಿಲ್ಲ. ಮರಿ ಬೇರೆ ಇದ್ದೊ. ತಾಯಲ್ವಾ?" ಎಂದ.

ಮನೆಪಟ್ಟಿಯ ನಮೂನೆಯಲ್ಲಿ ಆ ಸಲ ಅಂಗವಿಕಲರ ಬಗ್ಗೆ ಒಂದು ಪ್ರಶ್ನೆಯಿತ್ತು. 1981 ಅಂಗವಿಕಲರ ಅಂತರರಾಷ್ಟ್ರೀಯ ವರ್ಷವಾಗಲಿತ್ತು. ಪೂರ್ಣ ಅಂಧರೆಷ್ಟು, ಪೂರ್ಣ ಮೂಕರೆಷ್ಟು, ಪೂರ್ಣವಾಗಿ ಅಂಗ ಊನವಾದವರೆಷ್ಟು ಎಂದು ಮಾತ್ರ ಅದರಲ್ಲಿ ಕೇಳಿದ್ದರು. ಇವನಿಗೆ ಒಂದು ಕಣ್ಣಿತ್ತು, ತೊದಲುವ ಮಾತಿತ್ತು, ಒಂದು ಕೈಯಿತ್ತು. ಮೂರೂ ಕಡೆ ಸೊನ್ನೆ ಬರೆದೆ. ನಿಯಮದ ಪ್ರಕಾರ ಅದು ಸರಿಯಾದ ಉತ್ತರವೇ.

ಆ ಮಧ್ಯಾಹ್ನ ತಂದೆ ಮಗ ಇಬ್ಬರೂ ನನ್ನನ್ನು ರಸ್ತೆಯವರೆಗೆ ಬಿಡಲು ಬಂದರು. ದಾರಿಯುದ್ದಕ್ಕೂ ತಂದೆ ನನಗೆ ಪಾಠ ಹೇಳಿದ. ಒಬ್ಬನೇ ಹೋಗುವಾಗಲೂ ಮಾತಾಡುತ್ತ ಹೋಗಬೇಕು. ಗಾಳಿ ಎದುರಿನಿಂದ ಬೀಸುತ್ತಿದ್ದರೆ ಕರಡಿಗೆ ನಮ್ಮ ವಾಸನೆ ಸಿಗುವುದಿಲ್ಲ, ಆಗ ಇನ್ನೂ ಎಚ್ಚರ ಬೇಕು. ಹುತ್ತದ ಹಸಿ ಮಣ್ಣು ಕಂಡರೆ ನಿಲ್ಲಬೇಕು, ಕೆಮ್ಮಬೇಕು. ಕಕ್ಕೆಯ ಕಾಯಿ ಬೀಳುವ ಕಾಲದಲ್ಲಿ ಆ ಮರಗಳ ಕೆಳಗೆ ಮುಂಜಾನೆ ಹೋಗಬಾರದು. ಕಂಡರೆ ಬೆನ್ನು ತೋರಿಸಿ ಓಡಬಾರದು. ಜೇನು ಇಳಿಸಿದಾಗ ಹುಟ್ಟಿನಲ್ಲಿ ಒಂದು ಪಾಲನ್ನು ಅಲ್ಲಿಯೇ ಬಿಟ್ಟುಬರಬೇಕು. ಕಾಡಿನಲ್ಲಿ ಉಣ್ಣುವವರು ನಾವೊಬ್ಬರೇ ಅಲ್ಲ. ಸ್ಯಾಂಡರ್ಸನ್ನನ ಪುಟಗಳಿಗಿಂತ ಕಡಮೆಯಲ್ಲದ ತಿಳಿವಳಿಕೆಯಿದು. ಬರೆದಿಟ್ಟವರಿಲ್ಲ, ಅಷ್ಟೆ. ಪೇಟೆಯಿಂದ ತಂದ ಒಂದು ಚೀಲ ಬೆಲ್ಲದ ಕಥೆಯನ್ನು ನಾನು ಅಷ್ಟು ವರ್ಷ ಶೌರ್ಯದಂತೆ ಹೇಳಿಕೊಂಡು ಬಂದಿದ್ದೆನಲ್ಲ ಎಂದು ನಾಚಿಕೆಯಾಯಿತು.

ಹುಡುಗನನ್ನು ಶಾಲೆಗೆ ಮರಳಿ ಕಳಿಸಿ ಎಂದೆ. ತಂದೆ ಸುಮ್ಮನಿದ್ದ. ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಕಾಡಿಗೆ ಹೋಗಿ ನೆಲ್ಲಿಕಾಯಿ, ಸೀಗೆ, ಪಾಚಿ ತರಬಲ್ಲ ಗಂಡಸೆಂದರೆ ಹನ್ನೆರಡು ವರ್ಷದ ಅವನೊಬ್ಬನೇ. ಮರುವರ್ಷ, 1981ರಲ್ಲಿ, ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಗುಡಿಸಲಿನಲ್ಲಿ ಆರಂಭವಾದ ಆ ವೈದ್ಯಶಾಲೆ ಬೆಟ್ಟದ ಜನರಿಗೆ ಎಂಥ ಆಸರೆಯಾಯಿತೆಂಬುದನ್ನು ನೀವೆಲ್ಲ ಬಲ್ಲಿರಿ. ಈ ಮನೆಗೆ ಅದು ಮೂರು ವರ್ಷ ತಡವಾಗಿ ಬಂತು.

2003ರಲ್ಲಿ ಒಂದು ದಿನ ಮೂವತ್ತೈದರ ಪ್ರಾಯದವನೊಬ್ಬ ನಮ್ಮ ಮನೆಯ ಬಾಗಿಲಿಗೆ ಬಂದ. ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಹಾಗೆಯೇ ಕೈಕಟ್ಟಿ ನಿಂತಿದ್ದ. ಅರಣ್ಯದಲ್ಲಿ ದಿನಗೂಲಿ ವಾಚರ್ ಕೆಲಸಕ್ಕೆ ಹುಟ್ಟಿದ ದಿನಾಂಕದ ದಾಖಲೆ ಬೇಕಾಗಿತ್ತು. ಇಬ್ಬರೂ ಬಸ್ಸು ಹತ್ತಿ ಆ ಹಳೆಯ ಶಾಲೆಗೆ ಹೋದೆವು. ಅಲ್ಲಿಯ ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕವನ್ನು ತೆಗೆದರು. ಅವನು ಬಗ್ಗಿ, ಬೆರಳಿಟ್ಟು, ನಿಧಾನವಾಗಿ ಓದಿಕೊಂಡ. ನಾನು ಕಲಿಸಿದ ಓದು. ಕೊನೆಯ ಕಲಮಿಗೆ ಬಂದಾಗ ಬೆರಳು ನಿಂತಿತು.

"ನಾ ಗೈರುಹಾಜರಾಗಿರ್ನಿಲ್ಲ ಸಾ. ಅಪ್ಪನ ಜೊತೆಲಿದ್ದಿ" ಎಂದ. ದೂರುವ ದನಿಯಲ್ಲಿ ಹೇಳಲಿಲ್ಲ. ನಕ್ಷೆಯಲ್ಲಿ ಹಳ್ಳವೊಂದು ತಪ್ಪಿಹೋಗಿದ್ದರೆ ತೋರಿಸುತ್ತಿದ್ದಂತೆ ಹೇಳಿದ.

ದಾಖಲಾತಿ ಪುಸ್ತಕವನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಅದು ಹಾಗೆಯೇ ಇದೆ. ಇಂದು ಅದನ್ನು ಓದುವವನಿಗೆ ಆ ಹುಡುಗ ಒಬ್ಬ ಉಂಡಾಡಿ. ನಾವು ಚರಿತ್ರೆಯ ಮೇಷ್ಟ್ರುಗಳು ಶಾಸನ, ಕಡತ, ದಫ್ತರಗಳನ್ನು ಆಧಾರವೆನ್ನುತ್ತೇವೆ. ಆಧಾರವನ್ನು ಬರೆದವನೂ ನನ್ನಂಥವನೇ ಆಗಿದ್ದರೆ?

ಆಮೇಲೆ ಕಾಡಿನ ಕಾನೂನುಗಳೂ ಬದಲಾದವು. ನನ್ನ ನೇಮಕದ ವರ್ಷವೇ, ಎಂದರೆ 1974ರಲ್ಲಿ, ಬಿಳಿಗಿರಿಯ ಕಾಡು ವನ್ಯಧಾಮವಾಗಿತ್ತು. 2006ರಲ್ಲಿ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹವನ್ನು ನಿಲ್ಲಿಸಲಾಯಿತು. ಜೇನಿಗೆ ಹೋಗುವುದೂ ತಪ್ಪಾಯಿತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳೂ ದೊರೆತವು. ಹುಲಿ ಕಾಡಿನೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಕರಡಿಗೂ ಇಂದು ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ. ಎರಡೂ ಬೇಕಾದವೇ. ಆದರೆ ಲಂಟಾನ ಆಳೆತ್ತರ ಬೆಳೆದು ದಾರಿಗಳೇ ಮುಚ್ಚಿಹೋಗಿವೆ. ಮೊದಲು ಇಪ್ಪತ್ತು ಮಾರು ದೂರದಲ್ಲಿ ಕಾಣುತ್ತಿದ್ದ ಕರಡಿ ಈಗ ಎರಡು ಮಾರಿಗೆ ಬಂದಾಗ ಕಾಣುತ್ತದೆ ಎಂದು ನನ್ನ ವಿದ್ಯಾರ್ಥಿ ಹೇಳುತ್ತಾನೆ. ಅವನೀಗ ಆ ಕಾಡಿನ ಹಳೆಯ ವಾಚರ್‌ಗಳಲ್ಲೊಬ್ಬ. ಹೊಸಬರಿಗೆ ಹೆಜ್ಜೆ, ಲದ್ದಿ, ಉಗುರ ಗೀರು ತೋರಿಸಿಕೊಡುತ್ತಾನೆ. ಕೆಮ್ಮುತ್ತ ನಡೆಯಿರಿ ಎಂದು ಹೇಳಿಕೊಡುತ್ತಾನೆ. ತಂದೆ ತೀರಿಕೊಂಡು ಬಹಳ ವರ್ಷಗಳಾದವು.

ಇದನ್ನು ಬರೆಯಲೇ ಎಂದು ಕಳೆದ ವಾರ ಅವನನ್ನು ಕೇಳಿದೆ. ಹೆಸರು ಬೇಡ ಸಾ, ಬರೀರಿ ಎಂದ. ದಾಖಲಾತಿ ಪುಸ್ತಕದಲ್ಲಿ ನಾನು ತಿದ್ದಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಶಾಲೆ ಬಿಟ್ಟ ಕಾರಣ: ತಂದೆಯ ಶುಶ್ರೂಷೆ. ನಿಮ್ಮಲ್ಲಿ ಅನೇಕರು ಈಗ ಉಪಾಧ್ಯಾಯರಾಗಿದ್ದೀರಿ. ಮಗುವೊಂದು ಎರಡು ವಾರ ಬಾರದಿದ್ದರೆ, ಕೆಂಪು ಶಾಯಿಯ ಲೇಖನಿಯನ್ನು ಮೇಜಿನ ಮೇಲಿಟ್ಟು, ಅದರ ಮನೆಯವರೆಗೆ ಒಮ್ಮೆ ನಡೆದು ಬನ್ನಿ.